ಯಜಮಾನರಿಗೆ 65 ತುಂಬುತ್ತಿದೆ: ಮೆಡಿಗ್ಯಾಪ್ ತಗೊಳ್ಳೋದಾ, ಅಡ್ವಾಂಟೇಜ್ ತಗೊಳ್ಳೋದಾ?

ಎಡಿಸನ್_ಅಕ್ಕ:

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನಮ್ಮ ಯಜಮಾನರಿಗೆ ಈ ಅಕ್ಟೋಬರ್‌ಗೆ 65 ತುಂಬುತ್ತದೆ, ಡಿಸೆಂಬರ್ ಕೊನೆಗೆ ಕೆಲಸ ಬಿಡುತ್ತಾರೆ. ಇಷ್ಟು ವರ್ಷ ಇಬ್ಬರೂ ಅವರ ಕಂಪನಿ ಇನ್ಶೂರೆನ್ಸ್‌ನಲ್ಲೇ ಇದ್ದೆವು. 65 ಆದವರಿಗೆ ಅಮೆರಿಕ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇರ್ ಒಂದೇ ಸಾಲದು, ಇನ್ನೊಂದು ಬೇಕು ಅಂತ ಗೊತ್ತಾಗಿದೆ. ಮೆಡಿಗ್ಯಾಪ್ ಅಂದರೆ ಮೆಡಿಕೇರ್ ಬಿಟ್ಟ ಖರ್ಚನ್ನು ಕಟ್ಟುವ ಖಾಸಗಿ ಪಾಲಿಸಿ, ಅಡ್ವಾಂಟೇಜ್ ಅಂದರೆ ಮೆಡಿಕೇರ್ ಸೌಲಭ್ಯವನ್ನೇ ಖಾಸಗಿ ಕಂಪನಿ ಮೂಲಕ ಕೊಡುವ ಪ್ಲಾನ್ ಅನ್ನೋದು ಅರ್ಥ ಆಯಿತು. ಆದರೆ ಯಾವುದು ಅನ್ನೋದೇ ತೀರ್ಮಾನ ಆಗುತ್ತಿಲ್ಲ.

ಅವರ ಸ್ನೇಹಿತರೊಬ್ಬರು ಅಡ್ವಾಂಟೇಜ್ ಪ್ಲಾನ್ ತಗೊಂಡಿದ್ದಾರೆ, ಪ್ರೀಮಿಯಂ ಸೊನ್ನೆ, ಹಲ್ಲು ಕಣ್ಣು ಎಲ್ಲ ಸೇರಿದೆಯಂತೆ, ಸುಮ್ನೆ ತಿಂಗಳು ತಿಂಗಳು ಮೆಡಿಗ್ಯಾಪ್‌ಗೆ ಯಾಕೆ ದುಡ್ಡು ಸುರಿಯುತ್ತೀರಾ ಅಂತಾರೆ. ಬ್ರೋಕರ್ ಮಾತ್ರ ಮೆಡಿಗ್ಯಾಪ್ ಪ್ಲಾನ್ ಜಿ ಅಂತ ಪಟ್ಟು ಹಿಡಿದಿದ್ದಾನೆ. ಇವರಿಗೆ ಶುಗರ್ ಇದೆ, ಹೃದಯಕ್ಕೆ ಒಂದು ಸ್ಟೆಂಟ್ ಹಾಕಿದ್ದಾರೆ. ಚಳಿಗಾಲದಲ್ಲಿ ಮೂರು ತಿಂಗಳು ಮೈಸೂರಿಗೆ ಹೋಗುತ್ತೇವೆ, ಅತ್ತೆ ಅಲ್ಲೇ ಇದ್ದಾರೆ. ನನಗೆ ಇನ್ನೂ 61, ನನ್ನ ಇನ್ಶೂರೆನ್ಸ್ ಕಥೆ ಏನು ಅನ್ನೋದೂ ಗೊತ್ತಿಲ್ಲ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಪ್ರಿನ್ಸ್‌ಟನ್_ಸ್ವಯಂಸೇವಕ:

ಅಕ್ಕ, ನಾನು ಇಲ್ಲೇ ನ್ಯೂಜೆರ್ಸಿಯಲ್ಲಿ ಶಿಪ್ ಕೇಂದ್ರದಲ್ಲಿ ಸ್ವಯಂಸೇವಕ. ಮೆಡಿಕೇರ್ ಬಗ್ಗೆ ಉಚಿತವಾಗಿ ಸಲಹೆ ಕೊಡುವ ಸರ್ಕಾರಿ ವ್ಯವಸ್ಥೆ ಇದು, ಪ್ರತಿ ರಾಜ್ಯದಲ್ಲೂ ಇದೆ, ನಾವು ಯಾವ ಪಾಲಿಸಿಯನ್ನೂ ಮಾರುವುದಿಲ್ಲ.

ಮೊದಲು ಗ್ಯಾಪ್, ಅಂದರೆ ಮೆಡಿಕೇರ್ ಕಟ್ಟದೆ ನಿಮ್ಮ ಮೇಲೆ ಬೀಳುವ ಪಾಲು, ಎಷ್ಟು ಅಂತ ನೋಡಿ. 2026ರ ಲೆಕ್ಕದಲ್ಲಿ ಆಸ್ಪತ್ರೆಗೆ ಸೇರಿದರೆ ಪಾರ್ಟ್ ಎ (ಮೆಡಿಕೇರ್‌ನ ಆಸ್ಪತ್ರೆ ಭಾಗ) ಡಿಡಕ್ಟಿಬಲ್, ಅಂದರೆ ಮೊದಲು ನೀವೇ ಕಟ್ಟಬೇಕಾದ ಮೊತ್ತ, 1,736 ಡಾಲರ್. ಇದು ವರ್ಷಕ್ಕೊಮ್ಮೆ ಅಲ್ಲ. ಮನೆಗೆ ಬಂದು 60 ದಿನ ಕಳೆದ ಮೇಲೆ ಮತ್ತೆ ಸೇರಿದರೆ ಮತ್ತೆ ಅಷ್ಟೇ ಕಟ್ಟಬೇಕು. ಆಸ್ಪತ್ರೆಯಿಂದ ನರ್ಸಿಂಗ್ ಫೆಸಿಲಿಟಿಗೆ ಕಳಿಸಿದರೆ ಮೊದಲ 20 ದಿನ ಖರ್ಚಿಲ್ಲ, 21ರಿಂದ 100ನೇ ದಿನದವರೆಗೆ ದಿನಕ್ಕೆ 217 ಡಾಲರ್ ನಿಮ್ಮದು. ಪಾರ್ಟ್ ಬಿ (ಡಾಕ್ಟರ್ ಮತ್ತು ಹೊರರೋಗಿ ಚಿಕಿತ್ಸೆಯ ಭಾಗ) ಕಡೆ ವರ್ಷಕ್ಕೆ 283 ಡಾಲರ್ ಡಿಡಕ್ಟಿಬಲ್, ಆಮೇಲೆ ಡಾಕ್ಟರು, ಸ್ಕ್ಯಾನ್, ಕೀಮೋ ಎಲ್ಲದರಲ್ಲೂ ಶೇಕಡಾ 20 ನಿಮ್ಮ ಪಾಲು. ಹೆದರಬೇಕಾದ್ದು ಈ 20ಕ್ಕೇ, ಯಾಕೆಂದರೆ ಅದಕ್ಕೆ ಮಿತಿ ಇಲ್ಲ. ಒಂದು ಲಕ್ಷ ಡಾಲರ್ ಚಿಕಿತ್ಸೆ ಆದರೆ 20,000 ನಿಮ್ಮ ಜೇಬಿನಿಂದ, ಮೂರು ಲಕ್ಷ ಆದರೆ 60,000.

ಪ್ಲಾನ್ ಜಿ ಇದ್ದರೆ ಇದರಲ್ಲಿ 283 ಬಿಟ್ಟು ಉಳಿದದ್ದನ್ನು ಅದೇ ಕಟ್ಟುತ್ತದೆ. ಹಲ್ಲು, ಕನ್ನಡಕ, ಕಿವಿಯ ಮೆಷಿನ್, ಮನೆಯಲ್ಲಿ ನೋಡಿಕೊಳ್ಳುವವರ ಖರ್ಚು ಮಾತ್ರ ಇದರಲ್ಲಿ ಬರುವುದಿಲ್ಲ. ಮಾತ್ರೆಗಳಿಗೆ ಪಾರ್ಟ್ ಡಿ ಬೇರೆ ತಗೊಳ್ಳಬೇಕು. ಅದರ ಪಟ್ಟಿಯಲ್ಲಿರುವ ಔಷಧಿಗೆ 2026ರಲ್ಲಿ ವರ್ಷಕ್ಕೆ 2,100 ಡಾಲರ್‌ಗಿಂತ ಜಾಸ್ತಿ ಕೈಯಿಂದ ಹೋಗುವುದಿಲ್ಲ, ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರುವುದಿಲ್ಲ.

ಈಗ ನಿಮಗೆ ಹೇಳಲೇಬೇಕಾದ ಮಾತು. ಪಾರ್ಟ್ ಬಿ ಶುರುವಾದ ತಿಂಗಳಿಂದ 6 ತಿಂಗಳು ಮಾತ್ರ ಮೆಡಿಗ್ಯಾಪ್ ಕಂಪನಿಗಳು ಆರೋಗ್ಯದ ಪ್ರಶ್ನೆ ಕೇಳುವಂತಿಲ್ಲ. ಸ್ಟೆಂಟ್ ಇದೆ ಅಂತ ಬೇಡ ಅನ್ನುವಂತಿಲ್ಲ, ಶುಗರ್ ಇದೆ ಅಂತ ಜಾಸ್ತಿ ಕೇಳುವಂತಿಲ್ಲ. ಆ 6 ತಿಂಗಳು ಮುಗಿದ ಮೇಲೆ ನಮ್ಮ ರಾಜ್ಯದಲ್ಲಿ, ಕೆಲವು ವಿಶೇಷ ಸಂದರ್ಭ ಬಿಟ್ಟರೆ, ಅವರು ಅರ್ಜಿ ನೋಡಿ ಆಗಲ್ಲ ಅನ್ನಬಹುದು. ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇನ್ ರಾಜ್ಯಗಳಲ್ಲಿ ಮಾತ್ರ ಆಮೇಲೂ ಸುಲಭವಾಗಿ ಸಿಗುತ್ತದೆ. ಟಿವಿಯಲ್ಲಿ ಬರುವ ಅಕ್ಟೋಬರ್ 15ರಿಂದ ಡಿಸೆಂಬರ್ 7ರ ಅವಧಿ ಇದೆಯಲ್ಲ, ಅದು ಅಡ್ವಾಂಟೇಜ್ ಮತ್ತು ಪಾರ್ಟ್ ಡಿ ಬದಲಾಯಿಸಲು. ಆಗ ಅಡ್ವಾಂಟೇಜ್ ಬಿಟ್ಟು ಮೆಡಿಕೇರ್‌ಗೆ ವಾಪಸ್ ಬರಬಹುದು, ಆದರೆ ಮೆಡಿಗ್ಯಾಪ್ ಕೊಡಲೇಬೇಕು ಅನ್ನುವ ಕಾನೂನು ಆಗ ನಿಮ್ಮ ಜೊತೆ ಇರುವುದಿಲ್ಲ. ಆರೋಗ್ಯ ಚೆನ್ನಾಗಿರುವಾಗ ಅಡ್ವಾಂಟೇಜ್, ಕೆಟ್ಟ ಮೇಲೆ ಮೆಡಿಗ್ಯಾಪ್ ಅಂತ ಲೆಕ್ಕ ಹಾಕಿಕೊಂಡು ನಮ್ಮ ಕೇಂದ್ರಕ್ಕೆ ಬರುವವರನ್ನು ನೋಡಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ. ಸ್ಟೆಂಟ್ ಇರುವವರು ಈ ಬಾಗಿಲು ಮುಚ್ಚುವ ಮೊದಲೇ ನಿರ್ಧಾರ ಮಾಡಬೇಕು.

ಫ್ರಿಮಾಂಟ್_ಮಾವ:

ಮೇಲೆ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇದಕ್ಕೆ ಮೆಡಿಗ್ಯಾಪ್‌ನ ಜಿ ಮತ್ತು ಎನ್ ಪ್ಲಾನ್‌ಗಳ ವಿಷಯ ಸೇರಿಸುತ್ತೇನೆ, ಯಾಕೆಂದರೆ ಬ್ರೋಕರ್‌ಗಳು ಎನ್ ಬಗ್ಗೆ ಅಷ್ಟಾಗಿ ಹೇಳುವುದಿಲ್ಲ. ನನ್ನದು ಪ್ಲಾನ್ ಎನ್. ಡಾಕ್ಟರ್ ಹತ್ತಿರ ಹೋದಾಗ 20 ಡಾಲರ್‌ವರೆಗೆ, ಎಮರ್ಜೆನ್ಸಿಗೆ ಹೋಗಿ ಅಡ್ಮಿಟ್ ಆಗದೆ ಬಂದರೆ 50 ಡಾಲರ್‌ವರೆಗೆ ಕೊಡಬೇಕು. ಇನ್ನೊಂದು, ಮೆಡಿಕೇರ್ ದರ ಒಪ್ಪದ ಡಾಕ್ಟರ್ ಶೇಕಡಾ 15ರವರೆಗೆ ಜಾಸ್ತಿ ಬಿಲ್ ಹಾಕಬಹುದು, ಅದನ್ನು ಜಿ ಕಟ್ಟುತ್ತದೆ, ಎನ್ ಕಟ್ಟುವುದಿಲ್ಲ. ಹೆಚ್ಚಿನ ಡಾಕ್ಟರ್‌ಗಳು ಮೆಡಿಕೇರ್ ದರ ಒಪ್ಪಿಕೊಳ್ಳುತ್ತಾರೆ, ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಿಬಿಟ್ಟರೆ ಆಯಿತು.

ಲೆಕ್ಕ ಹೀಗೆ ಮಾಡಿ. ಎರಡರ ಪ್ರೀಮಿಯಂ ನಡುವೆ ತಿಂಗಳಿಗೆ 40 ಡಾಲರ್ ವ್ಯತ್ಯಾಸ ಇದೆ ಅಂದುಕೊಳ್ಳಿ, ವರ್ಷಕ್ಕೆ 480 ಆಯಿತು. 20 ಡಾಲರ್ ಕೋಪೇ ಅಂದರೆ 24 ಸಲ ಡಾಕ್ಟರ್ ಹತ್ತಿರ ಹೋದರೆ ಸಮ. ನಿಮ್ಮ ಯಜಮಾನರು ಶುಗರ್ ಡಾಕ್ಟರ್, ಹೃದಯದ ಡಾಕ್ಟರ್, ಕಣ್ಣು, ಕಾಲು ಅಂತ ವರ್ಷಕ್ಕೆ ಎಷ್ಟು ಸಲ ಹೋಗುತ್ತಾರೆ ಅಂತ ನೀವೇ ಎಣಿಸಿ ನೋಡಿ. ಜಿಯಲ್ಲೇ ಹೈ ಡಿಡಕ್ಟಿಬಲ್ ಅಂತ ಇನ್ನೊಂದಿದೆ, ಪ್ರೀಮಿಯಂ ತುಂಬಾ ಕಮ್ಮಿ, ಆದರೆ 2026ರಲ್ಲಿ ಮೊದಲ 2,950 ಡಾಲರ್ ನೀವು ಹಾಕಿದ ಮೇಲೆ ಅದು ಕೆಲಸ ಶುರು ಮಾಡುತ್ತದೆ. ಕೈಯಲ್ಲಿ ಉಳಿತಾಯ ಇರುವವರಿಗೆ ಅದೂ ಒಳ್ಳೆಯದೇ.

ಕಂಪನಿ ಹೆಸರು ನೋಡಿ ಮರುಳಾಗಬೇಡಿ. ಪ್ಲಾನ್ ಜಿ ಅಂದರೆ ಯಾವ ಕಂಪನಿ ಮಾರಿದರೂ ಮೂಲ ಸೌಲಭ್ಯ ಒಂದೇ, ಅದು ಕಾನೂನು. ಬೆಲೆ ಮಾತ್ರ ಬೇರೆ ಬೇರೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು: ವಯಸ್ಸು ಜಾಸ್ತಿ ಆದಂತೆ ಪ್ರೀಮಿಯಂ ಏರುವ ಪಾಲಿಸಿಯಾ, ಹಿಂದಿನ ಐದು ವರ್ಷ ಎಷ್ಟೆಷ್ಟು ಏರಿಸಿದ್ದೀರಿ? 65ಕ್ಕೆ ಅಗ್ಗ ಅಂತ ತಗೊಂಡದ್ದು 75ಕ್ಕೆ ಭಾರ ಆಗಬಾರದು. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟುಹಬ್ಬದಿಂದ 60 ದಿನದೊಳಗೆ ಅಷ್ಟೇ ಅಥವಾ ಕಮ್ಮಿ ಸೌಲಭ್ಯದ ಇನ್ನೊಂದು ಮೆಡಿಗ್ಯಾಪ್‌ಗೆ ಆರೋಗ್ಯದ ಪ್ರಶ್ನೆ ಇಲ್ಲದೆ ಬದಲಾಯಿಸಬಹುದು. ಆ ನಿಯಮ ಎಲ್ಲ ರಾಜ್ಯದಲ್ಲೂ ಇಲ್ಲ.

ಡಲ್ಲಾಸ್_ಕನ್ನಡಿಗ:

ನಾನು ಅಡ್ವಾಂಟೇಜ್‌ನಲ್ಲಿ ಇದ್ದೇನೆ, ಖುಷಿಯಾಗೇ ಇದ್ದೇನೆ, ಆ ಕಡೆಯ ಮಾತೂ ಒಬ್ಬರು ಹೇಳಬೇಕಲ್ವಾ. ಇದರಲ್ಲಿ ವರ್ಷದ ಖರ್ಚಿಗೆ ಮಿತಿ ಇದೆ. 2026ರಲ್ಲಿ ನೆಟ್‌ವರ್ಕ್ ಒಳಗೆ 9,250 ಡಾಲರ್‌ಗಿಂತ ಜಾಸ್ತಿ ಯಾವ ಪ್ಲಾನೂ ಇಡುವಂತಿಲ್ಲ, ಎಷ್ಟೋ ಪ್ಲಾನ್‌ಗಳಲ್ಲಿ ಇದಕ್ಕಿಂತ ಕಮ್ಮಿಯೇ ಇರುತ್ತದೆ. ಮಾತ್ರೆ, ಹಲ್ಲು, ಜಿಮ್ ಎಲ್ಲ ಒಂದೇ ಕಾರ್ಡ್‌ನಲ್ಲಿ ಬಂತು. ತಿಂಗಳು ತಿಂಗಳು ಮೆಡಿಗ್ಯಾಪ್ ಪ್ರೀಮಿಯಂ ಕಟ್ಟಲು ಆಗದವರಿಗೆ ಬರೀ ಮೆಡಿಕೇರ್ ಇಟ್ಟುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಒಂದು ವಿಷಯ, ಸೊನ್ನೆ ಪ್ರೀಮಿಯಂ ಅಂದರೂ ಪಾರ್ಟ್ ಬಿಗೆ ತಿಂಗಳಿಗೆ 202.90 ಡಾಲರ್ ಕಟ್ಟಲೇಬೇಕು, ಅದು ಎರಡು ದಾರಿಯಲ್ಲೂ ಇದೆ.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಯೋಚಿಸುತ್ತಿದ್ದೆ. ಇಲ್ಲಿ ನೆಟ್‌ವರ್ಕ್ ಡಾಕ್ಟರ್‌ಗಳನ್ನೇ ನೋಡಬೇಕು, ದೊಡ್ಡ ಸ್ಕ್ಯಾನ್, ಆಪರೇಷನ್‌ಗೆ ಮೊದಲೇ ಅನುಮತಿ ಬೇಕು. ನನ್ನ ಅಕ್ಕನಿಗೆ ಮೊಣಕಾಲಿನ ಆಪರೇಷನ್ ಆದ ಮೇಲೆ ಫಿಸಿಯೋಥೆರಪಿ ಮುಂದುವರಿಸಲು ಅವರ ಪ್ಲಾನಿನವರು ಮೊದಲು ಒಪ್ಪಲಿಲ್ಲ, ಅಪೀಲ್ ಹಾಕಿದ ಮೇಲೆ ಒಪ್ಪಿದರು. ಅಪೀಲ್ ಹಾಕಿದರೆ ಗೆಲ್ಲುವುದುಂಟು, ಅರ್ಧ ದಾರಿಗೆ ಬಿಡಬೇಡಿ. ಹೃದಯದ ಡಾಕ್ಟರ್ ಯಾವ ನೆಟ್‌ವರ್ಕ್‌ನಲ್ಲಿದ್ದಾರೆ ಅಂತ ಕ್ಲಿನಿಕ್‌ಗೇ ಫೋನ್ ಮಾಡಿ ಕೇಳಿ, ವೆಬ್‌ಸೈಟ್ ನಂಬಬೇಡಿ.

ಇನ್ನೊಂದು ದಾರಿ ಇದೆ. 65ಕ್ಕೆ ಮೆಡಿಕೇರ್ ಶುರುವಾದಾಗಲೇ ಅಡ್ವಾಂಟೇಜ್‌ಗೆ ಸೇರಿದರೆ ಮೊದಲ 12 ತಿಂಗಳೊಳಗೆ ಹೊರಗೆ ಬಂದು ಆರೋಗ್ಯದ ಪ್ರಶ್ನೆ ಇಲ್ಲದೆ ಮೆಡಿಗ್ಯಾಪ್ ತಗೊಳ್ಳುವ ಹಕ್ಕು ಇದೆ. ಆ 12 ತಿಂಗಳು ದಾಟಿದರೆ ಮುಗಿಯಿತು.

ಎಡಿಸನ್_ಅಕ್ಕ:

ತುಂಬಾ ಥ್ಯಾಂಕ್ಸ್. 20 ಪರ್ಸೆಂಟ್‌ಗೆ ಮಿತಿ ಇಲ್ಲ ಅನ್ನೋದನ್ನು ಇವರಿಗೆ ಓದಿ ಹೇಳಿದೆ, ಈಗ ಅವರೇ ಮೆಡಿಗ್ಯಾಪ್ ಅಂತಿದ್ದಾರೆ. ಮೈಸೂರಿನಲ್ಲಿ ಇರುವಾಗ ಏನಾದರೂ ಆದರೆ? ಮತ್ತೆ ನನ್ನದು? ಅವರು ಕೆಲಸ ಬಿಟ್ಟರೆ ನನಗೆ ಇನ್ಶೂರೆನ್ಸೇ ಇರುವುದಿಲ್ಲ.

ಮಂಡ್ಯದಿಂದ_ಮಿಶಿಗನ್:

ಇಂಡಿಯಾ ವಿಷಯ ನಾನು ಹೇಳುತ್ತೇನೆ, ನಾವೂ ಪ್ರತಿ ವರ್ಷ ಹೋಗುವವರು. ಮೆಡಿಕೇರ್ ಇಂಡಿಯಾದ ಆಸ್ಪತ್ರೆಗೆ ಒಂದು ಪೈಸೆ ಕೊಡುವುದಿಲ್ಲ. ಪ್ಲಾನ್ ಜಿ ಮತ್ತು ಎನ್ ಎರಡರಲ್ಲೂ ವಿದೇಶದಲ್ಲಿ ಎಮರ್ಜೆನ್ಸಿ ಆದರೆ ಸ್ವಲ್ಪ ಸಹಾಯ ಇದೆ: ವರ್ಷಕ್ಕೆ 250 ಡಾಲರ್ ನೀವು ಹಾಕಿದ ಮೇಲೆ ಶೇಕಡಾ 80 ಅವರು, ಜೀವಮಾನಕ್ಕೆಲ್ಲ ಸೇರಿ 50,000 ಡಾಲರ್ ಮಿತಿ. ಎಲ್ಲರೂ ಮರೆಯುವುದು ಏನೆಂದರೆ, ದೇಶ ಬಿಟ್ಟ ಮೊದಲ 60 ದಿನದೊಳಗೆ ಶುರುವಾದ ಎಮರ್ಜೆನ್ಸಿಗೆ ಮಾತ್ರ. ನೀವು ಮೂರು ತಿಂಗಳು ಇರುತ್ತೀರಿ, ಮೂರನೇ ತಿಂಗಳು ಬರಿಗೈ. ಮೊದಲು ನೀವೇ ಬಿಲ್ ಕಟ್ಟಿ ಆಮೇಲೆ ಇಲ್ಲಿ ಕ್ಲೇಮ್ ಹಾಕಬೇಕಾಗಬಹುದು, ಅದಕ್ಕೆ ಡಿಸ್ಚಾರ್ಜ್ ಸಮ್ಮರಿ, ಒಂದೊಂದು ಖರ್ಚೂ ಬಿಡಿಬಿಡಿಯಾಗಿ ಬರೆದ ಬಿಲ್, ದುಡ್ಡು ಕಟ್ಟಿದ ರಸೀದಿ ಮೂರನ್ನೂ ಮೈಸೂರು ಬಿಡುವ ಮೊದಲೇ ಸಹಿ, ಸೀಲ್ ಸಮೇತ ತಗೊಳ್ಳಿ. ಆಮೇಲೆ ಇಲ್ಲಿಂದ ಫೋನ್ ಮಾಡಿ ತರಿಸಿಕೊಳ್ಳುವುದು ಕಷ್ಟ.

ಟ್ರಾವೆಲ್ ಇನ್ಶೂರೆನ್ಸ್ ತಗೊಂಡರೆ ಹಳೆಯ ಕಾಯಿಲೆ ಸೇರಿದೆಯಾ ಅಂತ ಓದಿ ನೋಡಿ, ಸ್ಟೆಂಟ್ ಇರುವವರಿಗೆ ಅದೇ ಮುಖ್ಯ. ಮುಂದೆ ಅಲ್ಲೇ ಜಾಸ್ತಿ ದಿನ ಇರುವ ಯೋಚನೆ ಇದ್ದರೆ ಇಂಡಿಯಾದಲ್ಲೇ ಒಂದು ಪಾಲಿಸಿ ಈಗಲೇ ಶುರು ಮಾಡುವುದು ಒಳ್ಳೆಯದು. 2024ರಿಂದ ಹೊಸ ಪಾಲಿಸಿಗೆ 65ರ ವಯಸ್ಸಿನ ಮಿತಿಯ ನಿಯಮ ಹೋಗಿದೆ, ಹಳೆಯ ಕಾಯಿಲೆಗೆ ಕಾಯುವ ಅವಧಿ 3 ವರ್ಷಕ್ಕಿಂತ ಜಾಸ್ತಿ ಇಡುವಂತಿಲ್ಲ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ. ಆ 3 ವರ್ಷ ಬೇಗ ಶುರುವಾದಷ್ಟೂ ಒಳ್ಳೆಯದು. ಅಮೆರಿಕದಲ್ಲಿ ವಾಸ ಅಂತಲೂ, ಸ್ಟೆಂಟ್ ಇದೆ ಅಂತಲೂ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ.

ಪ್ರಿನ್ಸ್‌ಟನ್_ಸ್ವಯಂಸೇವಕ:

ಅಕ್ಕ, ನಿಮ್ಮ ವಿಷಯಕ್ಕೆ ಬರುತ್ತೇನೆ, ಇದನ್ನು ಗಮನವಿಟ್ಟು ಓದಿ. ಅವರು ಕೆಲಸ ಬಿಟ್ಟರೆ ನಿಮಗೆ ಕೋಬ್ರಾ, ಅಂದರೆ ಅದೇ ಕಂಪನಿ ಇನ್ಶೂರೆನ್ಸ್ ಮುಂದುವರಿಸುವ ಹಕ್ಕು, ಸಿಗುತ್ತದೆ, ಸಾಮಾನ್ಯವಾಗಿ 18 ತಿಂಗಳು. ಆದರೆ ಕೆಲಸ ಬಿಡುವ ಮೊದಲೇ, ಅದರ ಹಿಂದಿನ 18 ತಿಂಗಳೊಳಗೆ, ಗಂಡ ಮೆಡಿಕೇರ್‌ಗೆ ಸೇರಿದ್ದರೆ ಹೆಂಡತಿಗೆ ಕೋಬ್ರಾ ಮೆಡಿಕೇರ್ ಶುರುವಾದ ದಿನದಿಂದ 36 ತಿಂಗಳವರೆಗೆ ಸಿಗುತ್ತದೆ. ಅಂದರೆ ಅಕ್ಟೋಬರ್‌ಗೆ ಅವರು ಪಾರ್ಟ್ ಎ ತಗೊಂಡು ಡಿಸೆಂಬರ್‌ಗೆ ಕೆಲಸ ಬಿಟ್ಟರೆ ನಿಮಗೆ 2029ರ ಅಕ್ಟೋಬರ್‌ವರೆಗೆ ದಾರಿ ಇದೆ. 10 ವರ್ಷ ಟ್ಯಾಕ್ಸ್ ಕಟ್ಟಿದವರಿಗೆ ಪಾರ್ಟ್ ಎಗೆ ಪ್ರೀಮಿಯಂ ಇಲ್ಲ. ಕಂಪನಿಯ ಎಚ್‌ಆರ್‌ಗೆ ಇಮೇಲ್ ಮಾಡಿ ಬರಹದಲ್ಲೇ ಉತ್ತರ ತಗೊಳ್ಳಿ. ಕೋಬ್ರಾ ಅಗ್ಗ ಅಲ್ಲ, ಕಂಪನಿಯ ಪಾಲೂ ಸೇರಿ ಪೂರ್ತಿ ಪ್ರೀಮಿಯಂ ನಿಮ್ಮದೇ, ಮೇಲೆ ಶೇಕಡಾ 2. ನಮ್ಮ ರಾಜ್ಯದ ಇನ್ಶೂರೆನ್ಸ್ ಮಾರುಕಟ್ಟೆ ಗೆಟ್ ಕವರ್ಡ್ ನ್ಯೂಜೆರ್ಸಿಯಲ್ಲಿ ನಿಮ್ಮ ಮುಂದಿನ ವರ್ಷದ ಆದಾಯ ಹಾಕಿ ಅಲ್ಲಿನ ದರವನ್ನೂ ಪಕ್ಕದಲ್ಲಿಟ್ಟು ನೋಡಿ.

ಅವರಿಗೆ ಎಚ್‌ಎಸ್‌ಎ (ಚಿಕಿತ್ಸೆ ಖರ್ಚಿಗೆ ತೆರಿಗೆ ಇಲ್ಲದೆ ಉಳಿಸುವ ಖಾತೆ) ಇದ್ದರೆ ಪಾರ್ಟ್ ಎ ಶುರುವಾದ ತಿಂಗಳಿಂದ ಅದಕ್ಕೆ ದುಡ್ಡು ಹಾಕುವಂತಿಲ್ಲ. ಕಂಪನಿಯಲ್ಲಿ 20 ಅಥವಾ ಹೆಚ್ಚು ಜನ ಇದ್ದರೆ ಪಾರ್ಟ್ ಬಿ ಜನವರಿ 1ಕ್ಕೆ ಶುರುವಾಗುವಂತೆ ಮಾಡಿ, ಮೂರು ತಿಂಗಳ ಪ್ರೀಮಿಯಂ ಉಳಿಯುತ್ತದೆ ಅನ್ನೋದಕ್ಕಿಂತ ಮುಖ್ಯವಾಗಿ ಮೆಡಿಗ್ಯಾಪ್‌ನ 6 ತಿಂಗಳೂ ಆವಾಗಿಂದಲೇ ಎಣಿಕೆ ಆಗುತ್ತದೆ. ಅದಕ್ಕೆ ಪಾರ್ಟ್ ಬಿ ಅರ್ಜಿ, ಅಂದರೆ ಸಿಎಂಎಸ್-40ಬಿ ಫಾರ್ಮ್ ಬೇಕು, ಕಂಪನಿ ಸಹಿ ಮಾಡಿದ ಸಿಎಂಎಸ್-ಎಲ್564 ಫಾರ್ಮನ್ನೂ ಕೇಳಬಹುದು. ಅವರೂ ಕೋಬ್ರಾದಲ್ಲೇ ಇರುತ್ತೇನೆ, ಪಾರ್ಟ್ ಬಿ ಆಮೇಲೆ ತಗೊಳ್ಳುತ್ತೇನೆ ಅಂದರೆ ಖಂಡಿತ ಬೇಡ ಅನ್ನಿ. ಕೋಬ್ರಾವನ್ನು ಕೆಲಸದ ಇನ್ಶೂರೆನ್ಸ್ ಅಂತ ಮೆಡಿಕೇರ್ ಲೆಕ್ಕಕ್ಕೆ ತಗೊಳ್ಳುವುದಿಲ್ಲ, ತಡ ಆದರೆ ಪ್ರತಿ 12 ತಿಂಗಳಿಗೆ ಶೇಕಡಾ 10 ದಂಡ, ಅದೂ ಕೊನೆವರೆಗೆ.

ಪಾರ್ಟ್ ಬಿ ಪ್ರೀಮಿಯಂ ಎರಡು ವರ್ಷ ಹಿಂದಿನ ಆದಾಯ ನೋಡಿ ಜಾಸ್ತಿ ಹಾಕುತ್ತಾರೆ, 2026ರಲ್ಲಿ ಜೋಡಿಗೆ 2,18,000 ಡಾಲರ್ ದಾಟಿದರೆ. ನಿವೃತ್ತಿಯಿಂದ ಆದಾಯ ಇಳಿದಿದೆ ಅಂತ ಎಸ್‌ಎಸ್‌ಎ-44 ಫಾರ್ಮ್ ಕೊಟ್ಟರೆ ಕಮ್ಮಿ ಮಾಡುತ್ತಾರೆ.

ಹೊಸಬ_ಅಟ್ಲಾಂಟಾ:

ನಡುವೆ ಒಂದು ಪ್ರಶ್ನೆ. ಅಪ್ಪ ಅಮ್ಮ ಗ್ರೀನ್ ಕಾರ್ಡ್ ಮೇಲೆ ಬಂದು ಎರಡು ವರ್ಷ ಆಯಿತು, ಇಬ್ಬರಿಗೂ 65 ದಾಟಿದೆ. ಅವರಿಗೂ ಈ ಮೆಡಿಗ್ಯಾಪ್ ಸಿಗುತ್ತದಾ?

ಪ್ರಿನ್ಸ್‌ಟನ್_ಸ್ವಯಂಸೇವಕ:

ಇನ್ನೂ ಇಲ್ಲ ತಮ್ಮ. ಇಲ್ಲಿ ಕೆಲಸ ಮಾಡದವರು ಗ್ರೀನ್ ಕಾರ್ಡ್ ಮೇಲೆ 5 ವರ್ಷ ಸತತವಾಗಿ ಇಲ್ಲೇ ವಾಸ ಇದ್ದ ಮೇಲೆ ದುಡ್ಡು ಕೊಟ್ಟು ಮೆಡಿಕೇರ್ ತಗೊಳ್ಳಬಹುದು. 2026ರಲ್ಲಿ ಪಾರ್ಟ್ ಎಗೆ ಒಬ್ಬರಿಗೆ ತಿಂಗಳಿಗೆ 565 ಡಾಲರ್, ಪಾರ್ಟ್ ಬಿ ಬೇರೆ. ಪಾರ್ಟ್ ಬಿ ಶುರುವಾದ ದಿನದಿಂದ ಅವರಿಗೂ ಅದೇ 6 ತಿಂಗಳು ಸಿಗುತ್ತದೆ, ವಯಸ್ಸು 72 ಆಗಿದ್ದರೂ ಸರಿ. ಅಲ್ಲಿಯವರೆಗೆ ನಿಮ್ಮ ರಾಜ್ಯದ ಇನ್ಶೂರೆನ್ಸ್ ಮಾರುಕಟ್ಟೆ ಜಾರ್ಜಿಯಾ ಆಕ್ಸೆಸ್‌ನಲ್ಲಿ ಪ್ಲಾನ್ ನೋಡಿ. ಊರಿಗೆ ಹೋಗಿ ತುಂಬಾ ತಿಂಗಳು ಇದ್ದು ಬಂದರೆ 5 ವರ್ಷದ ಲೆಕ್ಕ ತಪ್ಪಬಹುದು, ಟಿಕೆಟ್ ಬುಕ್ ಮಾಡುವ ಮೊದಲು ಅದನ್ನು ಗಮನಿಸಿ.