ಜೆಸಿಬಿ ಬೇಕೋ, ಹಿಟಾಚಿ ಬೇಕೋ?

ಹೋದ ಬೇಸಿಗೆಯಲ್ಲಿ ತೋಟದ ಮೇಲಿನ ಕೆರೆಯ ಹೂಳು ತೆಗೆಸಬೇಕಿತ್ತು. ಪಕ್ಕದೂರಿನಲ್ಲಿ ಮಿಷನ್ ಇಟ್ಟುಕೊಂಡವರಿಗೆ ಫೋನ್ ಮಾಡಿ, "ಒಂದು ಜೆಸಿಬಿ ಕಳಿಸಿ" ಎಂದೆ. ಕೆಲಸ ಏನೆಂದು ಕೇಳಿದರು. ಹೇಳಿದೆ. "ಅಯ್ಯೋ, ಕೆಸರಿಗೆ ಜೆಸಿಬಿ ಆಗಲ್ಲ, ಹೂತುಹೋಗುತ್ತೆ. ಹಿಟಾಚಿ ಬೇಕು" ಎಂದರು. ಮರುದಿನ ಲಾರಿ ಮೇಲೆ ಹಿಟಾಚಿ ಬಂತು. ಅದರ ತೋಳಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದದ್ದು ಜೆಸಿಬಿ!

ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ. ಓಡಿಸುವ ಹುಡುಗನನ್ನು ಕೇಳಿದರೆ, "ಹೌದು ಸಾರ್, ಇದು ಜೆಸಿಬಿ ಕಂಪನಿಯ ಹಿಟಾಚಿ" ಎಂದ. ಸುಮ್ನೆ ತಮಾಷೆಗೆ ಹೇಳಿದ್ದಲ್ಲ. ಅವನಿಗೆ ಅದು ನೇರವಾದ ಮಾತು.

ನಮ್ಮ ಕಡೆಯ ಕೃಷಿ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಈ ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಕಂಪನಿಯ ಅಥವಾ ಬ್ರ್ಯಾಂಡಿನ ಹೆಸರು ವಸ್ತುವಿನ ಹೆಸರಾಗುವುದು ಹೊಸದಲ್ಲ. ಡಾಲ್ಡಾ, ಸರ್ಫ್, ಫೆವಿಕಾಲ್ ಎಲ್ಲರಿಗೂ ಗೊತ್ತು. ಆದರೆ ಅಲ್ಲೆಲ್ಲ ಒಂದು ವಸ್ತುವಿಗೆ ಒಂದು ಹೆಸರು. ಇಲ್ಲಿ ಎರಡು ಕಂಪನಿಗಳ ಹೆಸರುಗಳು ಕೆಲಸ ಹಂಚಿಕೊಂಡಿವೆ. ಟೈರಿನ ಮೇಲೆ ಓಡುವ, ಮುಂದೆ ಅಗಲವಾದ ಬಕೆಟ್ಟು, ಹಿಂದೆ ಅಗೆಯುವ ತೋಳು ಇರುವುದು ಜೆಸಿಬಿ. ಚೈನಿನ ಮೇಲೆ ತೆವಳುವ, ನಿಂತಲ್ಲೇ ಸುತ್ತಲೂ ತಿರುಗುವ, ಒಂದೇ ತೋಳಿನದು ಹಿಟಾಚಿ. ಯಾವ ಕಂಪನಿ ಮಾಡಿದರೂ ಅಷ್ಟೇ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಬ್ಯಾಕ್‌ಹೋ ಲೋಡರ್, ಎರಡನೆಯದಕ್ಕೆ ಎಕ್ಸ್‌ಕವೇಟರ್ ಎನ್ನುತ್ತಾರೆ. ಆ ಎರಡೂ ಹೆಸರು ನಮ್ಮ ಬಾಯಿಗೆ ಬರಲಿಲ್ಲ. ಆದರೂ ಎರಡು ಯಂತ್ರಗಳ ವ್ಯತ್ಯಾಸ ಮಾತಿನಲ್ಲಿ ಪಕ್ಕಾ ಇದೆ. ನನಗೆ ಕುತೂಹಲ ಇರುವುದು ಅದರಲ್ಲೇ.

ಜೆಸಿಬಿ ಎಂದರೆ ಜೋಸೆಫ್ ಸಿರಿಲ್ ಬ್ಯಾಂಫೋರ್ಡ್. 1945ರಲ್ಲಿ ಇಂಗ್ಲೆಂಡಿನ ಯುಟಾಕ್ಸಿಟರ್ ಎಂಬ ಊರಿನಲ್ಲಿ ಒಂದು ಬಾಡಿಗೆ ಗ್ಯಾರೇಜಿನಲ್ಲಿ ಈತ ಕೆಲಸ ಶುರು ಮಾಡಿದ. ಮೊದಲು ಮಾಡಿ ಮಾರಿದ್ದು ರೈತರಿಗೆ ಬೇಕಾದ ಟ್ರೇಲರ್. ಭಾರತಕ್ಕೆ ಕಂಪನಿ ಬಂದದ್ದು 1979ರಲ್ಲಿ, ಹರಿಯಾಣದ ಬಲ್ಲಭಗಡಕ್ಕೆ. ಒಬ್ಬ ಮನುಷ್ಯನ ಇನಿಷಿಯಲ್ಲು ನಮ್ಮೂರಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ! ಹಿಟಾಚಿ ಜಪಾನಿನ ಒಂದು ಊರು, ಕಂಪನಿಗೂ ಅದೇ ಹೆಸರು. ಅದರ ಹೆಸರಿನ ಮೊದಲ ಅಕ್ಷರಕ್ಕೆ ಸೂರ್ಯ ಎಂದು ಅರ್ಥವಂತೆ. ನಮಗೆ ಆ ಕಂಪನಿ ಹೆಚ್ಚು ಹತ್ತಿರ, ಏಕೆಂದರೆ ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದಲ್ಲೇ ಇದೆ. ನಮ್ಮಲ್ಲಿ ಈ ಪದ ಇಷ್ಟು ಗಟ್ಟಿಯಾಗಿ ನಿಲ್ಲಲು ಅದೂ ಒಂದು ಕಾರಣ ಇರಬಹುದು ಅಂತ ನನ್ನ ಊಹೆ.

ಹೆಸರು ಪದವಾಗಿದೆಯೋ ಇಲ್ಲವೋ ನೋಡಲು ನಾನು ಒಂದು ಸಣ್ಣ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಅದರ ಹಿಂದೆ ಇನ್ನೊಂದು ಕಂಪನಿಯ ಹೆಸರು ಕೂರುತ್ತದೆಯೇ? "ಕೆನಾನ್ ಜೆರಾಕ್ಸ್ ಮಿಷನ್" ಎನ್ನಬಹುದು. "ಜೆಸಿಬಿ ಹಿಟಾಚಿ" ಎಂದು ಆ ಹುಡುಗನೇ ಹೇಳಿದ. ಆದರೆ "ಹೀರೋ ಬುಲೆಟ್" ಎಂದು ಯಾರೂ ಹೇಳುವುದಿಲ್ಲ. ಬುಲೆಟ್ ಇನ್ನೂ ಹೆಸರೇ. ಜೊತೆಗೆ ಯಾವ ಕ್ರಿಯಾಪದ ಬರುತ್ತದೆ ಎಂಬುದನ್ನೂ ಗಮನಿಸಬೇಕು. ಜೆರಾಕ್ಸ್ ಮಾಡಿಸುತ್ತೇವೆ, ಜೆಸಿಬಿ ಹೊಡೆಸುತ್ತೇವೆ. ಟ್ರ್ಯಾಕ್ಟರ್ ಹೊಡೆಸಿದ ಹಾಗೆ, ಅದಕ್ಕೂ ಮೊದಲು ನೇಗಿಲು ಹೊಡೆದ ಹಾಗೆ. ಜೆಸಿಬಿ ಆ ಸಾಲಿಗೇ ಬಂದು ನಿಂತಿದೆ.

ಪೇಟೆಯಲ್ಲಿ ಜೆಸಿಬಿಗೆ ಬೇರೆ ಅರ್ಥಗಳೂ ಹತ್ತಿಕೊಂಡಿವೆ. ಒತ್ತುವರಿ ತೆರವಾದರೆ ಪತ್ರಿಕೆಗಳಲ್ಲಿ "ಜೆಸಿಬಿ ಘರ್ಜನೆ". ನಾಯಕರು ಊರಿಗೆ ಬಂದರೆ ಜೆಸಿಬಿಯಿಂದ ಹೂಮಳೆ. ಜೆಡಿಎಸ್, ಕಾಂಗ್ರೆಸ್, ಬಿಜೆಪಿ ಮೂರನ್ನೂ ಒಟ್ಟಿಗೆ ಬೈಯಬೇಕಾದವರು "ಜೆಸಿಬಿ ಪಕ್ಷಗಳು" ಎನ್ನುತ್ತಾರೆ. ಪಾಪ ಬ್ಯಾಂಫೋರ್ಡ್!

ಇದೇ ಜಾಡಿನಲ್ಲಿ ಟೆಂಪೋ ಕೂಡ ಇದೆ. ಅದೂ ಕಂಪನಿಯ ಹೆಸರು ಎಂದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಜರ್ಮನಿಯ ಹ್ಯಾಂಬರ್ಗಿನ ಕಾರ್ಖಾನೆಯೊಂದು ಟೆಂಪೋ ಎಂಬ ಹೆಸರಿನಲ್ಲಿ ಮೂರು ಚಕ್ರದ ಸಾಮಾನಿನ ಗಾಡಿ ಮಾಡುತ್ತಿತ್ತು. ಅದರ ಜೊತೆ ಸೇರಿ ಬಜಾಜ್ ಟೆಂಪೋ ಹುಟ್ಟಿತು. ಈಗ ಆ ಕಂಪನಿಯೇ ತನ್ನ ಹೆಸರಿನಿಂದ ಟೆಂಪೋ ಕಿತ್ತುಹಾಕಿ ಫೋರ್ಸ್ ಮೋಟಾರ್ಸ್ ಆಗಿದೆ. ನಮ್ಮ ಬಾಯಲ್ಲಿ ಮಾತ್ರ ಟೆಂಪೋ ಉಳಿಯಿತು, ಬೇರೆ ಬೇರೆ ಗಾಡಿಗಳಿಗೆ. ಮದುವೆಗೆ ಬುಕ್ ಮಾಡುವ "ಟಿಟಿ" ಕೂಡ ಅದೇ ಕಂಪನಿಯ ಟೆಂಪೋ ಟ್ರಾವೆಲರ್ ಎಂಬ ಗಾಡಿಯ ಹೆಸರು, ಮೊಟಕಾದದ್ದು.

ಕನ್ನಡ ಪದ ಬಳಸಬಾರದೇ ಎಂದು ಕೆಲವರು ಕೇಳಬಹುದು. ಜೆರಾಕ್ಸಿಗೆ ನೆರಳಚ್ಚು ಎಂಬ ಒಳ್ಳೆಯ ಪದ ಇದೆ. ಬೆರಳಚ್ಚಿನ ಪಕ್ಕದಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ! ಅಂಗಡಿಯ ಬೋರ್ಡಿನಲ್ಲಿ ನೋಡಿದ್ದೇನೆ. ಆದರೆ ಅದೇ ಅಂಗಡಿಯ ಒಳಗೆ ನಿಂತು "ಎರಡು ನೆರಳಚ್ಚು ಕೊಡಿ" ಎಂದವರನ್ನು ಇನ್ನೂ ನೋಡಿಲ್ಲ. ಜೆಸಿಬಿಗೆ "ಮಣ್ಣೆತ್ತುವ ಯಂತ್ರ" ಎಂದು ಬರೆದರೆ ತೊಂದರೆ ಇನ್ನೂ ಜಾಸ್ತಿ. ಹಿಟಾಚಿಯೂ ಮಣ್ಣನ್ನೇ ಎತ್ತುತ್ತದೆ ಅಲ್ವಾ? ಕೆರೆಗೆ ಯಾವುದನ್ನು ಇಳಿಸಬೇಕೆಂದು ಆ ಪದ ಹೇಳುವುದಿಲ್ಲ.

ಈಗ ನನಗೆ ಬೇಕಾದ ಸಹಾಯ. ಚೈನಿನ ಯಂತ್ರಕ್ಕೆ ಮರಾಠಿಯಲ್ಲಿ ಪೋಕ್ಲೇನ್ ಎನ್ನುತ್ತಾರೆ. ತೆಲುಗಿನವರ ಬಾಯಲ್ಲೂ ಅದೇ ಹೆಸರು, ಉಚ್ಚಾರ ಸ್ವಲ್ಪ ಬೇರೆ. ಅದೂ ಕಂಪನಿಯೇ, ಫ್ರಾನ್ಸಿನದು. ಹಾಗಾದರೆ ಬೆಳಗಾವಿ, ಬೀದರ್, ರಾಯಚೂರು ಕಡೆ ಏನು ಹೇಳುತ್ತೀರಿ? ಹಿಟಾಚಿಯೋ, ಪೋಕ್ಲೇನೋ? ಎರಡೂ ಇದ್ದರೆ ಅರ್ಥ ಒಂದೇನಾ, ಅಥವಾ ಅಲ್ಲೂ ಕೆಲಸ ಹಂಚಿಕೊಂಡಿವೆಯಾ?

ಇನ್ನೊಂದು. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರಲ್ಲಿ ಮುಕ್ಕಾಲು ಪಾಲು ಜನ "ಇಟಾಚಿ" ಎನ್ನುತ್ತಾರೆ. ಹಾಲು "ಆಲು" ಆದ ಹಾಗೆ. ಜಪಾನಿನ ಊರಿಗೆ ಹಿಟಾಚಿ ಸರಿ. ಕೆರೆಯ ಹೂಳು ತೆಗೆದ ಯಂತ್ರಕ್ಕೆ ಇಟಾಚಿ ಎಂದೇ ಬರೆದುಕೊಳ್ಳಲೇ?