ಕಾಫಿ ಕಣಕ್ಕೆ ವೈಫೈ ತಲುಪಿಸುವುದು ಹೇಗೆ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮ ತೋಟ. ಮನೆಯಿಂದ ಕಣ 400 ಮೀಟರ್. ನಡುವೆ ಸಾಲಾಗಿ ಸಿಲ್ವರ್ ಓಕ್, ಅದರ ತುಂಬ ಮೆಣಸಿನ ಬಳ್ಳಿ. ಕಾಫಿ ಒಣಗಲು ಹಾಕಿದ ಮೇಲೆ ರಾತ್ರಿ ನಿದ್ದೆ ಬರುವುದಿಲ್ಲ, ಕ್ಯಾಮೆರಾ ಬೇಕೇ ಬೇಕು. ವೈಫೈ 7 ರೂಟರ್ ತಂದರೆ ತಲುಪುತ್ತದಾ?

ಉತ್ತರ: ಇಲ್ಲ ಅಣ್ಣ, ಸುಮ್ನೆ ದುಡ್ಡು ಹಾಕಬೇಡಿ. ವೈಫೈ 7 ಇರುವುದು ವೇಗಕ್ಕೆ, ದೂರಕ್ಕಲ್ಲ. ನೆಂದ ಎಲೆ ಆ ಸಿಗ್ನಲ್ ನುಂಗಿಬಿಡುತ್ತದೆ. ವೈಫೈ ಹೇಲೋ (HaLow) ನೋಡಿ, ಅದು ದೂರಕ್ಕೆಂದೇ ಮಾಡಿದ ವೈಫೈ. 1 ಗಿಗಾಹರ್ಟ್ಸ್‌ಗಿಂತ ಕೆಳಗೆ ಕೆಲಸ ಮಾಡುತ್ತದೆ, ಮರಗಳ ನಡುವೆ ಚೆನ್ನಾಗಿ ನುಸುಳುತ್ತದೆ. ಬಯಲಲ್ಲಿ 1 ಕಿಲೋಮೀಟರ್ ಹೋಗುತ್ತದೆ, ತೋಟದಲ್ಲಿ ಕಡಿಮೆ. ವೇಗ ಜಾಸ್ತಿ ಇಲ್ಲ, ಆದರೆ ಒಂದು ಕ್ಯಾಮೆರಾಕ್ಕೆ ಸಾಕು ಅಲ್ವಾ?

ಇನ್ನೊಬ್ಬರು: ಹೇಲೋ ಸಾಧನ ತಗೊಳ್ಳುವಾಗ 865 ಮೆಗಾಹರ್ಟ್ಸ್ ಬ್ಯಾಂಡಿನದ್ದೇ ಕೇಳಿ ತಗೊಳ್ಳಿ. ಅಮೆರಿಕದ 915ರದ್ದು ಇಲ್ಲಿ ಬಳಸುವಂತಿಲ್ಲ.

ಕೇಳಿದವರು: ನೀರಿನ ಟ್ಯಾಂಕ್ ಮೇಲೆ ಆಂಟೆನಾ ಕೂರಿಸಿ ನೋಡುತ್ತೇನೆ.