ಶಿಫ್ಟ್ ಕೆಲಸದ ಜೊತೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷನಾಗಿದೀನಿ, ಹೆಂಗೆ ನಿಭಾಯಿಸೋದು?

ವೇಮಗಲ್ ಅಪ್ಪ:
ಎಲ್ರಿಗೂ ನಮಸ್ಕಾರ. ನರಸಾಪುರದ ಒಂದು ಫ್ಯಾಕ್ಟ್ರೀಲಿ ಕೆಲ್ಸ, ಮೂರು ಶಿಫ್ಟು, ವಾರಕ್ಕೊಂದು ಸಲ ಬದಲಾಗುತ್ತೆ. ಮಗಳು ನಮ್ಮೂರ ಸರ್ಕಾರಿ ಶಾಲೇಲಿ ನಾಲ್ಕನೇ ಕ್ಲಾಸು. ಪೋಷಕರ ಸಭೇಲಿ ನೀನೇ ಆಗಪ್ಪ ಅಂತ ನನ್ನನ್ನ ಎಸ್‌ಡಿಎಂಸಿ ಅಧ್ಯಕ್ಷ ಮಾಡಿದ್ರು, ಖುಷಿಯಿಂದಾನೇ ಒಪ್ಕೊಂಡೆ. ಈಗ ಚೆಕ್ಕಿಗೆ ಸೈನ್ ಬೇಕು ಅಂದ್ರೂ ನಂಗೇ ಫೋನು, ಮೋಟ್ರು ಕೆಟ್ರೂ ನಂಗೇ ಫೋನು. ಲೈನಲ್ಲಿ ಮೊಬೈಲ್ ಬಿಡಲ್ಲ, ಲಾಕರಲ್ಲಿಟ್ಟು ಹೋಗ್ಬೇಕು, ಹೊರಗೆ ಬಂದು ನೋಡಿದ್ರೆ ಹದಿನಾಲ್ಕು ಮಿಸ್ಡ್ ಕಾಲ್. ಹೋದ ತಿಂಗಳು ಎರಡು ಸಲ ಅರ್ಧ ದಿನ ರಜೆ ಹಾಕ್ದೆ, ಮೂರನೇ ಸಲ ಕೇಳ್ದಾಗ ಸೂಪರ್‌ವೈಸರ್ ಎಲ್ರ ಮುಂದೆ ಬೈದ್ರು. ನೈಟ್ ಮುಗಿಸಿ ನಿದ್ದೇನೂ ಮಾಡ್ದೆ ಸೀದಾ ಶಾಲೆಗೆ ಹೋಗಿದ್ದೂ ಇದೆ. ಬಿಟ್ಬಿಡೋಣ ಅನ್ಸುತ್ತೆ, ಆದ್ರೆ ಹೆಣ್ಮಕ್ಕಳ ಟಾಯ್ಲೆಟ್‌ಗೆ ಇನ್ನೂ ನೀರಿನ ಪೈಪ್ ಬಂದಿಲ್ಲ, ಅದನ್ನ ಅರ್ಧಕ್ಕೆ ಬಿಡೋಕೆ ಮನಸ್ಸು ಬರ್ತಿಲ್ಲ. ಏನ್ ಮಾಡ್ಲಿ?

ಚಿಂತಾಮಣಿ ಟೀಚರ್:
ತಮ್ಮ, ನಾನು ಹೆಡ್‌ಮಿಸ್ಟ್ರೆಸ್, ನಮ್ಮ ಕಡೆಯಿಂದ ಹೇಳ್ತೀನಿ. ಅಕೌಂಟು ಅಧ್ಯಕ್ಷರದ್ದು ಮುಖ್ಯ ಶಿಕ್ಷಕರದ್ದು ಜಂಟಿ, ಹಾಗಾಗಿ ಸೈನ್ ನೀವೇ ಹಾಕ್ಬೇಕು, ಅದನ್ನ ಯಾರಿಗೂ ವಹಿಸೋಕಾಗಲ್ಲ. ಆದ್ರೆ ಒಂದೊಂದು ಬಿಲ್ಲಿಗೂ ಕರೆಸೋದು ಯಾಕೆ? ಎಲ್ಲಾ ಸೇರಿಸಿ ಇಟ್ಟಿರಿ, ತಿಂಗಳ ಸಭೆ ದಿನ ನಡಾವಳಿ ಬರೆದು ಆಮೇಲೆ ಸೈನ್ ಹಾಕ್ತೀನಿ ಅಂತ ನಿಮ್ಮ ಮುಖ್ಯ ಶಿಕ್ಷಕರಿಗೆ ಹೇಳಿ. ಓಡಾಟ ತಪ್ಪುತ್ತೆ ಅಂತ ಖಾಲಿ ಚೆಕ್ಕಿಗೆ ಮಾತ್ರ ಸೈನ್ ಹಾಕಿಡಬೇಡಿ, ಸುಸ್ತಾದೋರು ಹಾಗೆ ಮಾಡಿರೋದು ನೋಡಿದೀನಿ, ಆಮೇಲೆ ಲೆಕ್ಕ ಕೇಳ್ದಾಗ ಇಬ್ರಿಗೂ ಕಷ್ಟ. ಪೈಪಿನ ವಿಷ್ಯ ಬಾಯಲ್ಲಿ ಹೇಳಿದ್ರೆ ಆಗಲ್ಲ, ಸಭೇಲಿ ಠರಾವು ಮಾಡಿ ಅದರ ಕಾಪಿ ಸೇರಿಸಿ ಪಂಚಾಯ್ತಿಗೆ ಅರ್ಜಿ ಕೊಡಿ, ಇನ್ನೊಂದು ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ.

ಗುಬ್ಬಿ ಅಮ್ಮ:
ಟೀಚರ್ ಹೇಳಿದ್ದು ಸರಿ. ಅಣ್ಣ, ನಿಮ್ಮ ಕಮಿಟೀಲಿ ಹೆಂಗಸ್ರು ಎಷ್ಟು ಜನ ಇದಾರೆ, ಅವ್ರಿಗೆ ಏನು ಕೆಲ್ಸ ಕೊಟ್ಟಿದೀರಾ? 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 21ನೇ ಸೆಕ್ಷನ್ ಪ್ರಕಾರ ಕಮಿಟೀಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸ್ರು ಇರ್ಬೇಕು. ನಮ್ಮಲ್ಲೂ ಮೊದ್ಲು ನಾವು ಸೈನ್ ಹಾಕಿ ಟೀ ಕುಡ್ದು ಬರ್ತಿದ್ವಿ ಅಷ್ಟೆ. ಈಗ ಬಿಸಿಯೂಟ ರುಚಿ ನೋಡೋಕೆ ತಾಯಂದಿರದ್ದೇ ಸರದಿ, ಅಡುಗೆಯವರು ಬರ್ಲಿಲ್ಲ ಅಂದ್ರೆ ಮೊದಲ ಫೋನು ನಂಗೆ ಬರುತ್ತೆ, ಶಾಲೆ ಪಕ್ಕದಲ್ಲೇ ಮನೆ ಇರೋದು. ಟಾಯ್ಲೆಟ್ ವಿಷ್ಯದಲ್ಲಿ ಪಂಚಾಯ್ತಿಗೆ ಐದಾರು ಜನ ತಾಯಂದಿರು ಒಟ್ಟಿಗೆ ಹೋಗ್ಲಿ, ನಮ್ಮ ಹುಡ್ಗೀರು ಮಧ್ಯಾಹ್ನ ಮನೆಗೆ ಓಡಿ ಬರ್ತಿದ್ರು ಕಣಣ್ಣ, ಅದನ್ನ ಅಲ್ಲಿ ಹೋಗಿ ಹೇಳಿದ್ದು ನಾವೇ.

ಮಾಲೂರು ಶಿಫ್ಟ್:
ನಾನೂ ಶಿಫ್ಟ್‌ನವ್ನೇ, ಊರ ಹಾಲಿನ ಡೇರಿ ಕಮಿಟೀಲಿ ಇದೀನಿ. ಸೆಕೆಂಡ್ ಶಿಫ್ಟ್ ವಾರದಲ್ಲಿ ಬೆಳಗ್ಗೆ ಪೂರ್ತಿ ಕೈಲಿರುತ್ತೆ, ಶನಿವಾರ ಶಾಲೇನೂ ಬೆಳಗ್ಗೇನೇ, ಸಭೆ ಆ ವಾರಕ್ಕೇ ಇಟ್ಕೊಳ್ಳಿ. ಇ.ಎಲ್. (ಗಳಿಕೆ ರಜೆ) ಸುಮ್ನೆ ಕಳೀಬೇಡಿ, 20 ದಿನ ದುಡಿದ್ರೆ ಒಂದು ಬರೋದು. ನೈಟ್ ಮುಗಿಸಿ ಹೈವೇಲಿ ಬೈಕ್ ಓಡಿಸ್ಕೊಂಡು ಶಾಲೆಗೆ ಹೋಗೋದು ಮಾತ್ರ ಇವತ್ತೇ ನಿಲ್ಸಿ ಬ್ರದರ್, ದಮ್ಮಯ್ಯ.

ವೇಮಗಲ್ ಅಪ್ಪ:
ಅಕ್ಕ, ನೀವು ಕೇಳಿದ್ಮೇಲೆ ಲಿಸ್ಟ್ ತೆಗೆದು ನೋಡ್ದೆ. ಒಂಬತ್ತು ಜನ ಹೆಂಗಸ್ರಿದಾರೆ, ಒಬ್ರಿಗೂ ನಾನು ಒಂದು ಕೆಲ್ಸಾನೂ ಹೇಳಿಲ್ಲ. ಬರೋ ವಾರ ಸೆಕೆಂಡ್ ಶಿಫ್ಟು, ಶನಿವಾರಕ್ಕೆ ಸಭೆ ನೋಟಿಸ್ ಹಾಕ್ಸಿದೀನಿ, ಮೊದಲ ವಿಷ್ಯ ಪೈಪೇ.